ಪಟ್ಟಿ ಕೇಳುವ ಪ್ರಭುತ್ವ

(ಶಿವಮೊಗ್ಗದಲ್ಲಿ ಇತಿಹಾಸದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಮಾನ್ಯರೆ,

ಸ್ಪೇನಿನ ಅಂತರ್ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಜನ ಹಸಿದಿದ್ದರು, ಸೆರೆಮನೆಗಳು ಕಿಕ್ಕಿರಿದಿದ್ದವು. ಇಂಥ ಹೊತ್ತಿನಲ್ಲಿ, 1940ರ ಮಾರ್ಚ್ 1ರಂದು, ಜನರಲ್ ಫ್ರಾಂಕೋನ ಸರ್ಕಾರ ಒಂದು ವಿಶೇಷ ಕಾಯ್ದೆಯನ್ನು ಹೊರಡಿಸಿತು. ಫ್ರೀಮೇಸನ್ರಿ ಮತ್ತು ಕಮ್ಯುನಿಸಂ ಎರಡನ್ನೂ ಹತ್ತಿಕ್ಕುವುದು ಅದರ ಉದ್ದೇಶವೆಂದು ಶೀರ್ಷಿಕೆಯಲ್ಲೇ ಬರೆದಿತ್ತು. ಅದಕ್ಕಾಗಿ ಪ್ರತ್ಯೇಕ ನ್ಯಾಯಮಂಡಳಿ ಹುಟ್ಟಿತು, ಮತ್ತು ಅದು 1960ರ ದಶಕದವರೆಗೂ ಕೆಲಸ ಮಾಡಿತು. ಹಿಂದೆ ಎಂದೋ ಸದಸ್ಯನಾಗಿದ್ದು ಬಿಟ್ಟವನಿಗೂ ಈ ಕಾಯ್ದೆ ಅನ್ವಯಿಸುತ್ತಿತ್ತು. 12 ವರ್ಷಕ್ಕೆ ಮೇಲ್ಪಟ್ಟ ಸೆರೆವಾಸ ಅಲ್ಲಿ ಸಾಮಾನ್ಯ ಶಿಕ್ಷೆಯಾಗಿತ್ತು. ಶಿಕ್ಷೆ ಹಗುರವಾಗಬೇಕೆನ್ನುವವನು ಎರಡು ತಿಂಗಳೊಳಗೆ ಪಶ್ಚಾತ್ತಾಪದ ಹೇಳಿಕೆ ಸಲ್ಲಿಸಬೇಕಿತ್ತು. ತಪ್ಪಾಯಿತು ಎಂದಷ್ಟೇ ಬರೆದರೆ ಆ ಹೇಳಿಕೆ ಪೂರ್ಣವಾಗುತ್ತಿರಲಿಲ್ಲ. ನಿನ್ನನ್ನು ಸೇರಿಸಿದವರು ಯಾರು, ನಿನ್ನ ಜೊತೆ ಕುಳಿತವರು ಯಾರು ಎಂಬುದನ್ನೂ ಹೆಸರು ಹಿಡಿದು ಹೇಳಬೇಕಿತ್ತು.

ಅಂತರ್ಯುದ್ಧ ಶುರುವಾದಾಗ ಸ್ಪೇನಿನಲ್ಲಿದ್ದ ಫ್ರೀಮೇಸನ್ನರು ಕೆಲವೇ ಸಾವಿರ. ಸಲಮಾಂಕಾ ನಗರದಲ್ಲಿ ಫ್ರಾಂಕೋನ ಅಧಿಕಾರಿಗಳು ಸಂಗ್ರಹಿಸಿದ ಕಡತಗಳಲ್ಲಿ ಫ್ರೀಮೇಸನ್ನರೆಂದು ಗುರುತಿಸಲಾದವರು ಸುಮಾರು 80,000. ಪಟ್ಟಿ ಒಮ್ಮೆ ಬೆಳೆಯಲು ಆರಂಭಿಸಿದರೆ ಅದಕ್ಕೆ ನಿಜವಾದ ಸದಸ್ಯರ ಹಂಗಿರುವುದಿಲ್ಲ. ಮೇಷ್ಟರು, ವೈದ್ಯರು, ವಕೀಲರು, ಸೇನೆಯ ಕೆಲವು ಅಧಿಕಾರಿಗಳು ಸೇರಿ ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ವಿಧಿ ನಡೆಸಿ, ಊಟ ಮಾಡಿ, ದಾನಕ್ಕೆಂದು ಒಂದಿಷ್ಟು ಹಣ ಎತ್ತಿ ಮನೆಗೆ ಹೋಗುತ್ತಿದ್ದ ಒಂದು ಕೂಟದ ಮೇಲೆ, ಗೆದ್ದು ನಿಂತ ಸರ್ವಾಧಿಕಾರಿಯೊಬ್ಬನಿಗೆ ಇಷ್ಟೊಂದು ಅಸಹನೆ ಏಕೆ ಎಂಬುದೇ ಇಂದಿನ ವಿಷಯ.

ಮಲೆನಾಡಿನ ನಮಗೆ ಈ ಸಂಘದ ಪರಿಚಯ ಕಡಿಮೆಯಾದ್ದರಿಂದ ಎರಡು ಮಾತು ಹೇಳಬೇಕು. ಯುರೋಪಿನ ಕಲ್ಲುಕುಟಿಗರ ಕಸುಬಿನ ಕೂಟಗಳ ಸಂಕೇತಗಳನ್ನು, ಅಂದರೆ ಮಟ್ಟಗೋಲು, ಕೈವಾರ, ಚರ್ಮದ ಏಪ್ರನ್ ಮುಂತಾದವನ್ನು, ಎರವಲು ಪಡೆದು ಬೆಳೆದ ಸೋದರಕೂಟ ಇದು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿದವೆಂಬುದು ಅವರ ಪರಂಪರೆಯ ಹೇಳಿಕೆ. 1723ರಲ್ಲಿ ನಿಯಮಾವಳಿ ಅಚ್ಚಾಯಿತು. ಲಾಡ್ಜ್ ಎಂದರೆ ಇಲ್ಲಿ ಸದಸ್ಯರ ಸ್ಥಳೀಯ ಘಟಕ, ಬಸ್ ನಿಲ್ದಾಣದ ಎದುರಿನದಲ್ಲ. ಒಳಗೆ ಮತದ ಜಗಳವನ್ನೂ ಪಕ್ಷರಾಜಕೀಯವನ್ನೂ ತರಕೂಡದೆಂಬುದು ಅವರ ಹಳೆಯ ಕಟ್ಟಳೆ. ಸೇರುವವನು ಪ್ರಮಾಣ ಮಾಡುತ್ತಾನೆ, ಮೆಟ್ಟಿಲು ಮೆಟ್ಟಿಲಾಗಿ ಪದವಿ ಏರುತ್ತಾನೆ, ಕೆಲವು ಕೈಸನ್ನೆಗಳನ್ನೂ ಸಂಕೇತಪದಗಳನ್ನೂ ಗುಟ್ಟಾಗಿಡುತ್ತಾನೆ. ಭಾರತಕ್ಕೆ ಇದು 1730ರ ಹೊತ್ತಿಗೇ ಕಲ್ಕತ್ತೆಯ ಮೂಲಕ ಬಂದಿತ್ತು. ಸ್ವತಂತ್ರ ಭಾರತದ ಗ್ರ್ಯಾಂಡ್ ಲಾಡ್ಜ್ 1961ರಲ್ಲಿ ಸ್ಥಾಪನೆಯಾಯಿತು. ನಗರಗಳಲ್ಲಿ ಇವರ ಕಟ್ಟಡಗಳಿಗೆ ಫಲಕವಿದೆ, ವಿಳಾಸವಿದೆ. ಗುಪ್ತ ಎಂಬ ಮಾತು ಇವರಿಗೆ ಅನ್ವಯಿಸುವುದು ಅಷ್ಟಕ್ಕಷ್ಟೇ. ಅವರ ವಿಧಿಗಳ ವಿವರ ಹದಿನೆಂಟನೆಯ ಶತಮಾನದಲ್ಲಿಯೇ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಗಿತ್ತು.

ಅನುಮಾನಕ್ಕೆ ಮಾತ್ರ ಕಾಲದ ಕೊರತೆಯಿಲ್ಲ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಕ್ಯಾಥೊಲಿಕರು ಈ ಸಂಘ ಸೇರುವುದನ್ನು ನಿಷೇಧಿಸಿದರು. ಬೇರೆ ಬೇರೆ ಮತದವರು ಒಂದೆಡೆ ಕಲೆತು ಗುಟ್ಟಿನ ಪ್ರಮಾಣ ಮಾಡುವುದು ಅವರಿಗೆ ಸಹ್ಯವಾಗಲಿಲ್ಲ. ಬವೇರಿಯಾದ ಅರಸ 1784–85ರಲ್ಲಿ ಇಲ್ಯೂಮಿನಾಟಿ ಎಂಬ ಕೂಟವನ್ನು ಮುಚ್ಚಿಸಿದ. ಅದು ಹುಟ್ಟಿ ಹತ್ತು ವರ್ಷವೂ ಆಗಿರಲಿಲ್ಲ, ಆದರೆ ಅದರ ಹೆಸರಿನಲ್ಲಿ ಹಬ್ಬಿದ ಕಥೆಗಳು ಇಂದಿಗೂ ನಿಂತಿಲ್ಲ. ಫ್ರೆಂಚ್ ಕ್ರಾಂತಿಯ ಭಯದಲ್ಲಿದ್ದ ಬ್ರಿಟನ್ 1799ರಲ್ಲಿ ಪ್ರಮಾಣಬದ್ಧ ಗುಪ್ತಸಂಘಗಳನ್ನು ನಿಷೇಧಿಸಿ, ಫ್ರೀಮೇಸನ್ನರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅದಕ್ಕೊಂದು ಷರತ್ತಿತ್ತು: ಪ್ರತಿ ಲಾಡ್ಜೂ ತನ್ನ ಸದಸ್ಯರ ಹೆಸರುಗಳನ್ನು ಸ್ಥಳೀಯ ನ್ಯಾಯಾಲಯದ ಅಧಿಕಾರಿಗೆ ಪ್ರತಿವರ್ಷ ಒಪ್ಪಿಸಬೇಕು. ಆ ಕಾಯ್ದೆ ರದ್ದಾದದ್ದು 1967ರಲ್ಲಿ. ನಡುವಿನ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿನ ಲಾಡ್ಜ್‌ಗಳು ಪಟ್ಟಿ ಕೊಟ್ಟವು, ಪ್ರಭುತ್ವ ಅದನ್ನು ಕಪಾಟಿನಲ್ಲಿಟ್ಟಿತು, ಯಾರಿಗೂ ತೊಂದರೆಯಾಗಲಿಲ್ಲ. ಪಟ್ಟಿ ಕೇಳಿದ ಮಾತ್ರಕ್ಕೆ ಪ್ರಭುತ್ವ ಸರ್ವಾಧಿಕಾರಿಯಾಗುವುದಿಲ್ಲ ಎಂಬುದಕ್ಕೆ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಅದೇ ಬ್ರಿಟಿಷರು ಭಾರತದಲ್ಲಿ ನಡೆದುಕೊಂಡ ರೀತಿ ಬೇರೆ. 1836ರ ಠಗ್ಗಿ ಕಾಯ್ದೆಯ ಪ್ರಕಾರ ಠಕ್ಕರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು. ಯಾವ ಕೊಲೆ, ಯಾವ ದರೋಡೆ ಎಂದು ತೋರಿಸಬೇಕಾದ ಅಗತ್ಯವೇ ಇರಲಿಲ್ಲ, ಜೀವಾವಧಿ ಸೆರೆ. ಕಾಯ್ದೆ ಬರುವ ಮುಂಚೆ ಸೇರಿದ್ದರೂ ಅಷ್ಟೇ. ಮಾಫಿಸಾಕ್ಷಿಯಾದವನು ಉಳಿದವರ ಹೆಸರು ಹೇಳಬೇಕು, ಆ ಹೆಸರುಗಳಿಂದ ವಂಶಾವಳಿಗಳನ್ನೇ ಬರೆದರು. ನೂರು ವರ್ಷದ ಆಚೆ ಫ್ರಾಂಕೋ ಬರೆಸಿದ ಕಾಯ್ದೆಗೂ ಇದಕ್ಕೂ ರಚನೆಯಲ್ಲಿ ಹೆಚ್ಚು ಅಂತರವಿಲ್ಲ. 1908ರ ಕಾಯ್ದೆಯೊಂದನ್ನು ಬಳಸಿ ಮರುವರ್ಷ ಬಂಗಾಳದ ಕ್ರಾಂತಿಕಾರಿಗಳ ಅನುಶೀಲನ ಸಮಿತಿ ಮುಂತಾದವನ್ನು ನಿಷೇಧಿಸಿದರು. ನಮ್ಮ ಜಿಲ್ಲೆಯಲ್ಲಿಯೇ 1830–31ರ ನಗರ (ಹಿಂದಿನ ಬಿದನೂರು) ಸೀಮೆಯ ರೈತ ದಂಗೆಯನ್ನು ನೋಡಿ. ಕಂದಾಯದ ಹೊರೆ ತಾಳಲಾರದೆ ರೈತರು ಊರೂರುಗಳಲ್ಲಿ ಕೂಟ ಸೇರಿದರು. ಆ ಕೂಟಗಳು ಗುಪ್ತವೂ ಆಗಿರಲಿಲ್ಲ, ಬಯಲಿನಲ್ಲಿಯೇ ಸೇರಿದವು. ಆದರೂ ದಂಗೆಯನ್ನು ಹತ್ತಿಕ್ಕಲು ಕಂಪನಿಯ ಸೈನ್ಯ ಘಟ್ಟದ ದಾರಿ ಹಿಡಿಯಬೇಕಾಯಿತು, ಮತ್ತು 1831ರಲ್ಲಿ ಮೈಸೂರಿನ ಆಡಳಿತವೇ ಕಂಪನಿಯ ಕೈಗೆ ಹೋಯಿತು.

ಈ ಹಳೆಯ ಪ್ರಭುತ್ವಗಳಿಗೆ ಇದ್ದ ಭಯ ಅರ್ಥವಾಗುವಂಥದು. ಬಾಗಿಲು ಹಾಕಿಕೊಂಡವರು ಏನಾದರೂ ಮಾಡಿಯಾರು ಎಂಬ ಭಯ ಅದು, ಮತ್ತು ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಇಟಲಿಯ ಕಾರ್ಬೊನಾರಿಗಳು ದಂಗೆ ಎದ್ದದ್ದು ನಿಜ. 1825ರ ಡಿಸೆಂಬರಿನಲ್ಲಿ ರಷ್ಯಾದ ಗುಪ್ತಸಂಘಗಳ ಸೇನಾಧಿಕಾರಿಗಳು ತ್ಸಾರನ ವಿರುದ್ಧ ಪಡೆ ತಂದು ನಿಲ್ಲಿಸಿದ್ದು ನಿಜ. 1914ರ ಸರಯೇವೋ ಹತ್ಯೆಯ ಹಿಂದೆ ಸರ್ಬಿಯದ ಗುಪ್ತಸಂಘವೊಂದರ ಕೈ ಇದ್ದದ್ದೂ ನಿಜ. ಮಾಡಿದ್ದಕ್ಕೆ ಅಥವಾ ಮಾಡಬಹುದಾದ್ದಕ್ಕೆ ಶಿಕ್ಷೆ ಎಂಬಲ್ಲಿಗೆ ಹಳೆಯ ಅರಸುಗಳ ತರ್ಕ ನಿಲ್ಲುತ್ತಿತ್ತು. ಇಪ್ಪತ್ತನೆಯ ಶತಮಾನದ ಸರ್ವಂಕಷ ಪ್ರಭುತ್ವದ ತರ್ಕ ಅಲ್ಲಿಗೆ ನಿಲ್ಲಲಿಲ್ಲ.

ಸರ್ವಂಕಷ ಎಂಬ ಮಾತನ್ನು ಇಲ್ಲಿ ಅಳೆದು ಬಳಸುತ್ತಿದ್ದೇನೆ. ಬರೀ ನಿರಂಕುಶನಾದ ಅರಸನಿಗೆ ಪ್ರಜೆ ತೆರಿಗೆ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸರ್ವಂಕಷ ಪ್ರಭುತ್ವಕ್ಕೆ ಪ್ರಜೆಯ ಸಂಜೆಯೂ ಬೇಕು, ಸ್ನೇಹವೂ ಬೇಕು, ಹಾಡೂ ಬೇಕು. 1933ರ ವಸಂತದಿಂದ ಜರ್ಮನಿಯಲ್ಲಿ ನಡೆದದ್ದನ್ನು ನಮ್ಮ ನೆಲಕ್ಕೆ ತಂದು ಊಹಿಸಿಕೊಳ್ಳಿ. ತೀರ್ಥಹಳ್ಳಿಯಂಥ ಒಂದು ಊರು. ಅಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವಿದೆ, ಯಕ್ಷಗಾನ ಮಂಡಳಿಯಿದೆ, ಭಜನಾ ಮಂಡಳಿ, ವಾಲಿಬಾಲ್ ತಂಡ, ಗಣಪತಿ ಸಮಿತಿ, ಮಹಿಳಾ ಸಮಾಜ, ನಿವೃತ್ತ ನೌಕರರ ಸಂಘ ಎಲ್ಲವೂ ಇವೆ. ಒಂದು ಬೆಳಗ್ಗೆ ಸುತ್ತೋಲೆ ಬರುತ್ತದೆ: ಇನ್ನು ಮುಂದೆ ಎಲ್ಲದರ ಅಧ್ಯಕ್ಷರನ್ನೂ ಪಕ್ಷ ನೇಮಿಸುತ್ತದೆ, ಇಂತಿಂಥ ಜನಾಂಗದವರನ್ನು ಸದಸ್ಯತ್ವದಿಂದ ತೆಗೆಯತಕ್ಕದ್ದು, ಒಪ್ಪದಿದ್ದರೆ ಸಂಘ ವಿಸರ್ಜನೆ. ಜರ್ಮನಿಯ ಗಾಯನ ಸಂಘ, ವ್ಯಾಯಾಮ ಶಾಲೆ, ವೃತ್ತಿ ಸಂಘಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಮಣಿದವು, ಹಲವು ತಾವಾಗಿಯೇ ಮುಂದೆ ಬಂದು ಮಣಿದವು. ಸಂಘಗಳಿರಬಾರದೆಂದು ಯಾರೂ ಹೇಳಲಿಲ್ಲ. ಸಂಘದ ಪ್ರತಿಯೊಂದು ಎಳೆಯೂ ಪಕ್ಷದ ಕೈಯ ಮೂಲಕವೇ ಹಾದುಹೋಗಬೇಕು ಎಂದರು. ಇಬ್ಬರ ನಡುವಿನ ನಂಬಿಕೆ ಮೂರನೆಯವನಾದ ಪ್ರಭುತ್ವವನ್ನು ಕೇಳದೆ ಹುಟ್ಟಕೂಡದು. ಪ್ರಮಾಣ ಮಾಡಿ ಒಬ್ಬರಿಗೊಬ್ಬರು ಸೋದರರೆಂದು ಒಪ್ಪಿಕೊಂಡವರ ಕೂಟ ಆ ನಿಯಮಕ್ಕೆ ನೇರ ಅಡ್ಡಿ. ನನ್ನ ವಾದವೆಲ್ಲ ಇಷ್ಟೇ: ಸರ್ವಂಕಷ ಪ್ರಭುತ್ವವನ್ನು ಕಾಡುವುದು ಆ ಕೂಟದ ಗುಟ್ಟಲ್ಲ, ಅದರ ನಂಟು. ಗುಟ್ಟು ಹಿಡಿಯಲು ಪತ್ತೇದಾರ ಬೇಕು. ನಂಟನ್ನು ಮುರಿಯಲು ಪಟ್ಟಿ ಸಾಕು.

ಇಟಲಿಯಿಂದ ಆರಂಭಿಸುವುದು ಸರಿ, ಏಕೆಂದರೆ ಮಾದರಿ ಅಲ್ಲಿ ಸಿದ್ಧವಾಯಿತು. ಫ್ಯಾಸಿಸ್ಟ್ ಪಕ್ಷದ ಆರಂಭದ ಕಾಲದಲ್ಲಿ ಅದರೊಳಗೆ ಫ್ರೀಮೇಸನ್ನರು ಸಾಕಷ್ಟು ಮಂದಿ ಇದ್ದರು. ಅದರ ಬಗ್ಗೆ ಮೆಚ್ಚುಗೆ ತೋರಿದ ಲಾಡ್ಜ್‌ಗಳೂ ಇದ್ದವು. 1923ರ ಫೆಬ್ರವರಿಯಲ್ಲಿ ಫ್ಯಾಸಿಸ್ಟ್ ಮಹಾಮಂಡಳಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಿತು. 1925ರಲ್ಲಿ ಬಂದ ಕಾಯ್ದೆ ಇನ್ನೂ ಮುಂದೆ ಹೋಯಿತು: ಎಲ್ಲ ಸಂಘಗಳೂ ತಮ್ಮ ನಿಯಮಾವಳಿಯನ್ನು, ಪದಾಧಿಕಾರಿಗಳ ಮತ್ತು ಸದಸ್ಯರ ಹೆಸರುಗಳನ್ನು ಪೊಲೀಸರು ಕೇಳಿದಾಗ ಒಪ್ಪಿಸಬೇಕು, ಸರ್ಕಾರಿ ನೌಕರರು ಗುಪ್ತಸಂಘದಲ್ಲಿದ್ದರೆ ಕೆಲಸ ಹೋಗುತ್ತದೆ. ಕಾಯ್ದೆಯಲ್ಲಿ ಫ್ರೀಮೇಸನ್ ಎಂಬ ಪದವನ್ನು ಬಳಸುವ ಗೋಜಿಗೆ ಹೋಗಲಿಲ್ಲ. ಈ ಮಸೂದೆಯ ಮೇಲೆ 1925ರ ಮೇ 16ರಂದು ಕಮ್ಯುನಿಸ್ಟ್ ನಾಯಕ ಆಂಟೋನಿಯೋ ಗ್ರಾಮ್ಶಿ ಸಂಸತ್ತಿನಲ್ಲಿ ಮಾತನಾಡಿದರು. ಅವರು ಸಂಸತ್ತಿನಲ್ಲಿ ಮಾಡಿದ ಭಾಷಣ ಅದೊಂದೇ, ಮುಸೊಲಿನಿ ಎದುರಿಗೇ ಕುಳಿತು ಮತ್ತೆ ಮತ್ತೆ ಅಡ್ಡ ಬಾಯಿ ಹಾಕುತ್ತಿದ್ದ. ಗ್ರಾಮ್ಶಿಗೆ ಫ್ರೀಮೇಸನ್ನರ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದರೂ ಅವರು ಎರಡು ವಿಷಯಗಳನ್ನು ಬಿಡಿಸಿ ಹೇಳಿದರು. ಸರ್ಕಾರಿ ಯಂತ್ರದಲ್ಲಿ ಫ್ರೀಮೇಸನ್ನರು ಹಿಡಿದಿದ್ದ ಕುರ್ಚಿಗಳು ಫ್ಯಾಸಿಸ್ಟರಿಗೆ ಬೇಕಾಗಿವೆ ಎಂಬುದು ಒಂದು. ಈ ಕಾಯ್ದೆಯ ನಿಜವಾದ ಏಟು ಬೀಳುವುದು ಕಾರ್ಮಿಕರ ಸಂಘಟನೆಗಳ ಮೇಲೆ ಎಂಬುದು ಇನ್ನೊಂದು. ಮರುವರ್ಷ ಅವರೇ ಸೆರೆಮನೆ ಸೇರಿದರು. ಅಷ್ಟರಲ್ಲಿ ಮುಸೊಲಿನಿಯ ಹತ್ಯೆಯ ಸಂಚೆಂಬ ಪ್ರಕರಣದಲ್ಲಿ ಫ್ರೀಮೇಸನ್ ಆಗಿದ್ದ ಜನರಲ್ ಲೂಯಿಜಿ ಕಪೆಲ್ಲೋ ಅವರ ಬಂಧನವಾಗಿತ್ತು. ಗ್ರ್ಯಾಂಡ್ ಮಾಸ್ಟರ್, ಅಂದರೆ ಲಾಡ್ಜ್‌ಗಳ ಒಕ್ಕೂಟದ ಮುಖ್ಯಸ್ಥ, ದೊಮಿತ್ಸಿಯೋ ತೊರಿಜಾನಿ ಅವರನ್ನು 1927ರಲ್ಲಿ ಲಿಪಾರಿ ದ್ವೀಪಕ್ಕೆ ಗಡೀಪಾರು ಮಾಡಿದರು.

ಜರ್ಮನಿಯ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಶರಣಾದವರ ಗತಿ. ಅಲ್ಲಿ ಹತ್ತಿರ ಹತ್ತಿರ 80,000 ಫ್ರೀಮೇಸನ್ನರಿದ್ದರು. ಅವರಲ್ಲಿ ದೊಡ್ಡ ಪಾಲು ಹಳೆಯ ಪ್ರಷ್ಯನ್ ಲಾಡ್ಜ್‌ಗಳದು. ಮಹಾರಾಜ ಫ್ರೆಡರಿಕನೇ ಒಂದು ಕಾಲದಲ್ಲಿ ಈ ಸಂಘದ ಸದಸ್ಯ. ಈ ಲಾಡ್ಜ್‌ಗಳು ಸಂಪ್ರದಾಯಸ್ಥ, ರಾಜನಿಷ್ಠ, ದೇಶಾಭಿಮಾನಿ. ಯಹೂದಿಗಳನ್ನು ಬಹುಮಟ್ಟಿಗೆ ಹೊರಗಿಟ್ಟವು. 1933ರಲ್ಲಿ ಹಿಟ್ಲರ್ ಬಂದಾಗ ಅವು ತಾವು ಫ್ರೀಮೇಸನ್ನರೇ ಅಲ್ಲವೆಂದು ಸಾರಿ, ಜರ್ಮನ್ ಕ್ರೈಸ್ತ ಪಂಥವೆಂದು ಹೆಸರು ಬದಲಿಸಿಕೊಂಡವು, ವಿಧಿಗಳಿಂದ ಹೀಬ್ರೂ ಮೂಲದ ಪದಗಳನ್ನು ಕಿತ್ತುಹಾಕಿದವು, ಹೊಸ ಸರ್ಕಾರಕ್ಕೆ ನಿಷ್ಠೆಯ ಪತ್ರ ಬರೆದವು. ಹೆಸರಿನಲ್ಲಿ, ವಿಧಿಯಲ್ಲಿ, ಮಾತಿನಲ್ಲಿ ಎಲ್ಲದರಲ್ಲಿಯೂ ಬಾಗಿದರು. ಆದರೂ 1935ರಲ್ಲಿ ಅವುಗಳನ್ನು ಮುಚ್ಚಿಸಿದರು. ಸಿದ್ಧಾಂತದ ವಿರೋಧವೊಂದೇ ಕಾರಣವಾಗಿದ್ದರೆ ಈ ಶರಣಾಗತಿ ಸಾಕಾಗಬೇಕಿತ್ತು. ಬಾಗದೆ ಹೋದ ಚಿಕ್ಕ ಲಾಡ್ಜ್‌ಸಮೂಹವೊಂದಿತ್ತು. ಅದರ ಮುಖ್ಯಸ್ಥ ಲಿಯೋ ಮ್ಯೂಫೆಲ್‌ಮನ್ ಅವರನ್ನು 1933ರಲ್ಲೇ ಬಂಧಿಸಿ ಯಾತನಾ ಶಿಬಿರಕ್ಕೆ ಹಾಕಿದರು, ಬಿಡುಗಡೆಯಾದ ಮೇಲೆ 1934ರಲ್ಲಿ ಅವರು ತೀರಿಕೊಂಡರು. ಬಾಗಿದವರಿಗೂ ಬಾಗದವರಿಗೂ ಸಿಕ್ಕಿದ್ದು ಕೊನೆಗೆ ಒಂದೇ ಬೀಗಮುದ್ರೆ.

ಮುಚ್ಚಿದ ಲಾಡ್ಜ್‌ಗಳ ಕಾಗದಪತ್ರ, ಗ್ರಂಥಾಲಯ, ಪದಕ, ಮುದ್ರೆಗಳೆಲ್ಲ ಹಿಟ್ಲರನ ಪಕ್ಷದ ಪಡೆಯಾದ ಎಸ್‌ಎಸ್‌ನ ಬೇಹುಗಾರಿಕೆ ವಿಭಾಗಕ್ಕೆ ಹೋದವು. 1934ರಲ್ಲಿ ಆ ವಿಭಾಗಕ್ಕೆ ಹೊಸದಾಗಿ ಸೇರಿದ ಅಡಾಲ್ಫ್ ಐಖ್‌ಮನ್‌ಗೆ ಸಿಕ್ಕ ಮೊದಲ ಕೆಲಸ ಬರ್ಲಿನ್ನಿನಲ್ಲಿ ಕುಳಿತು ಫ್ರೀಮೇಸನ್ನರ ಪದಕ, ಮುದ್ರೆಗಳನ್ನು ವಿಂಗಡಿಸುವುದು, ಹೆಸರಿನ ಚೀಟಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವುದು. ಒಂದು ಚೀಟಿ, ಒಂದು ಹೆಸರು, ಊರು, ಲಾಡ್ಜು, ಅಲ್ಲಿನ ಪದವಿ. ಯಹೂದಿ ವಿಷಯದ ಮೇಜಿಗೆ ಅವನನ್ನು ವರ್ಗ ಮಾಡಿದ್ದು ಅದಾದ ಮೇಲೆ. ಲಕ್ಷಾಂತರ ಜನರನ್ನು ರೈಲುಗಳಲ್ಲಿ ತುಂಬಿ ಸಾವಿಗೆ ಕಳಿಸಿದ ಮನುಷ್ಯ ಗುಮಾಸ್ತಿಕೆ ಕಲಿತದ್ದು ಈ ಚೀಟಿಗಳ ಮುಂದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಗುಟ್ಟು ಮುಖ್ಯ ಕಾರಣವಲ್ಲ ಎಂದೆ. ಅದಕ್ಕೆ ಸಾಕ್ಷಿ, ಗುಟ್ಟೇ ಇಲ್ಲದ ಸಂಘಗಳಿಗೂ ಅದೇ ಗತಿಯಾದದ್ದು. ಶಿವಮೊಗ್ಗದಲ್ಲಿ ರೋಟರಿ ಕ್ಲಬ್ ಗೊತ್ತಿಲ್ಲದವರಿಲ್ಲ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಎಂದು ಅದರ ಫಲಕ ಕಾಣುತ್ತಲೇ ಇರುತ್ತದೆ. 1933ರ ಏಪ್ರಿಲ್‌ನಲ್ಲಿ ಮ್ಯೂನಿಕ್ಕಿನ ರೋಟರಿ ಕ್ಲಬ್ ಕಾದಂಬರಿಕಾರ ಥಾಮಸ್ ಮನ್ ಅವರನ್ನು ಸದಸ್ಯತ್ವದಿಂದ ಕಿತ್ತು ಹಾಕಿ ಹೊಸ ಪ್ರಭುಗಳನ್ನು ಮೆಚ್ಚಿಸಲು ನೋಡಿತು. 1937ರಲ್ಲಿ ಜರ್ಮನಿಯ ರೋಟರಿ ಕ್ಲಬ್ಬುಗಳೆಲ್ಲ ವಿಸರ್ಜನೆಗೊಂಡವು. ಎಸ್ಪೆರಾಂಟೋ ಎಂಬ ಕಟ್ಟಿದ ಭಾಷೆಯನ್ನು ಕಲಿತು ಪರದೇಶದ ಗೆಳೆಯರಿಗೆ ಕಾಗದ ಬರೆಯುತ್ತಿದ್ದವರಲ್ಲಿ ಯಾವ ಗುಪ್ತವಿಧಿಯಿತ್ತು? ಅವರ ಸಂಘಗಳನ್ನು ಹಿಟ್ಲರ್ 1936ರಲ್ಲಿ ನಿಷೇಧಿಸಿದ. 1937–38ರ ಮಹಾದಮನದಲ್ಲಿ ಸ್ಟಾಲಿನ್ ಅವರಲ್ಲಿ ಅನೇಕರನ್ನು ಬೇಹುಗಾರರೆಂದು ಗುಂಡಿಗೆ, ಶಿಬಿರಗಳಿಗೆ ದೂಡಿದ. ಮನೆ ಮನೆಯ ಬಾಗಿಲು ತಟ್ಟಿ ತಮ್ಮ ಮತ ಹೇಳುವ ಯೆಹೋವನ ಸಾಕ್ಷಿಗಳಿಗಿಂತ ಬಹಿರಂಗವಾದವರು ಯಾರಿದ್ದಾರೆ? ಹಿಟ್ಲರನಿಗೆ ವಂದನೆ ಸಲ್ಲಿಸದ ತಪ್ಪಿಗೆ ಅವರೂ ಶಿಬಿರ ಸೇರಿದರು. ಪ್ರಭುತ್ವದ ಕೈಯ ಮೂಲಕ ಹಾದುಹೋಗದ ನಂಟು ಎಂಬ ಒಂದು ಅಂಶ ಬಿಟ್ಟರೆ ಇವರೆಲ್ಲರಲ್ಲಿ ಸಮಾನವಾದದ್ದು ಏನೂ ಕಾಣುವುದಿಲ್ಲ.

ಕಮ್ಯುನಿಸ್ಟರ ತರ್ಕದ ದಾರಿ ಬೇರೆ, ಸೇರಿದ ಊರು ಅದೇ. 1922ರ ಕೊನೆಯಲ್ಲಿ ನಡೆದ ಕಾಮಿಂಟರ್ನ್‌ನ, ಅಂದರೆ ಮಾಸ್ಕೋದಿಂದ ನಡೆಯುತ್ತಿದ್ದ ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಒಕ್ಕೂಟದ, ನಾಲ್ಕನೆಯ ಮಹಾಧಿವೇಶನ, ಮುಖ್ಯವಾಗಿ ಸೋವಿಯತ್ ನಾಯಕ ಟ್ರಾಟ್ಸ್‌ಕಿಯ ಒತ್ತಾಯದಿಂದ, ಫ್ರಾನ್ಸಿನ ಕಮ್ಯುನಿಸ್ಟರು 1923ರ ಜನವರಿ 1ರೊಳಗೆ ಲಾಡ್ಜ್‌ಗಳನ್ನು ಬಿಡಬೇಕೆಂದು ವಿಧಿಸಿತು. ಮಾಲೀಕನೂ ಕಾರ್ಮಿಕನ ಮುಖಂಡನೂ ಒಂದೇ ಮೇಜಿನಲ್ಲಿ ಸೋದರರಾಗುವುದು ವರ್ಗಸಂಘರ್ಷಕ್ಕೆ ದ್ರೋಹವೆಂಬುದು ಅವರ ವಾದ. ಫ್ರೀಮೇಸನ್ನರು ಬಂಡವಾಳಿಗರ ಕೈಗೊಂಬೆಗಳು ಎಂದು ಮಾಸ್ಕೋ ಹೇಳಿತು; ಕಮ್ಯುನಿಸ್ಟರ ಜೊತೆಗಾರರು ಎಂದು ಫ್ರಾಂಕೋ ಒಂದೇ ಕಾಯ್ದೆಯಲ್ಲಿ ಇಬ್ಬರನ್ನೂ ಕಟ್ಟಿಹಾಕಿದ. ಎರಡೂ ಕಡೆಯ ಆರೋಪಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ನಗು ಬರುತ್ತದೆ, ಶಿಕ್ಷೆಯ ಅಂಕಿಗಳನ್ನು ಓದುವವರೆಗೆ.

ಹಾಗೆಂದು ಗುಟ್ಟಿಗೆ ಪಾತ್ರವೇ ಇಲ್ಲವೆನ್ನಲಾಗದು. ದಮನಕ್ಕೆ ಅದು ಕಾರಣವಲ್ಲದಿದ್ದರೂ ಪ್ರಚಾರಕ್ಕೆ ಒದಗಿಬಂದ ಬಂಡವಾಳ. ಬಾಗಿಲ ಹಿಂದೆ ಏನಿದೆಯೆಂದು ಗೊತ್ತಿಲ್ಲದಾಗ ಏನು ಬೇಕಾದರೂ ಅಲ್ಲಿ ಇಡಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಿಯೋ ತಾಕ್ಸಿಲ್ ಎಂಬ ಫ್ರೆಂಚ್ ಲೇಖಕ ಫ್ರೀಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂದು ವರ್ಷಾನುಗಟ್ಟಲೆ ಬರೆದು, 1897ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ತುಂಬಿದ ಸಭೆಯಲ್ಲಿ ಅದೆಲ್ಲ ತಾನೇ ಹೊಸೆದದ್ದೆಂದು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೂ ಆ ಕಥೆಗಳನ್ನು ನಂಬುವವರು ಕಡಿಮೆಯಾಗಲಿಲ್ಲ. ಯಹೂದಿಗಳೂ ಫ್ರೀಮೇಸನ್ನರೂ ಸೇರಿ ಜಗತ್ತನ್ನು ಆಳಲು ಹೊಂಚು ಹಾಕಿದ್ದಾರೆಂಬ ರಷ್ಯಾದ ಖೋಟಾ ದಸ್ತಾವೇಜು 1903ರಲ್ಲಿ ಅಚ್ಚಾಯಿತು. ಅದು ಕೃತಿಚೌರ್ಯವೆಂದು ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲಿ ಸಾಲು ಸಾಲಾಗಿ ತೋರಿಸಿದ್ದೂ ಉಪಯೋಗಕ್ಕೆ ಬರಲಿಲ್ಲ. ಜರ್ಮನ್ ಸೇನೆಯನ್ನು 1918ರ ಸೋಲಿಗೆ ನಡೆಸಿದ ಜನರಲ್ ಲೂಡೆನ್‌ಡಾರ್ಫ್ ಸೋಲಿನ ಹೊಣೆಯನ್ನು ಫ್ರೀಮೇಸನ್ನರ ತಲೆಗೆ ಕಟ್ಟಿ 1927ರಲ್ಲಿ ಪುಸ್ತಕವನ್ನೇ ಬರೆದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅಧಿಕಾರ ಸಿಕ್ಕ ಮೇಲೆ ಇದೇ ಕಥೆಗೆ ಸರ್ಕಾರಿ ಖಜಾನೆಯ ಬೆಂಬಲ ಬಂತು. ಜರ್ಮನ್ನರು ಆಕ್ರಮಿಸಿದ್ದ ಬೆಲ್‌ಗ್ರೇಡಿನಲ್ಲಿ 1941ರ ಅಕ್ಟೋಬರ್‌ನಲ್ಲಿ ಫ್ರೀಮೇಸನ್-ವಿರೋಧಿ ಪ್ರದರ್ಶನ ಏರ್ಪಡಿಸಿ, ಅದರ ನೆನಪಿಗೆ ಅಂಚೆಚೀಟಿಗಳನ್ನೂ ಹೊರಡಿಸಿದರು. ಸಲಮಾಂಕಾದಲ್ಲಿ ಫ್ರಾಂಕೋನ ಜನ ಒಂದು ಲಾಡ್ಜಿನ ಕೋಣೆಯನ್ನು ಮರುನಿರ್ಮಿಸಿದರು: ವಶಪಡಿಸಿಕೊಂಡ ಪೀಠೋಪಕರಣಗಳ ನಡುವೆ ಕರಿಯ ಮುಸುಕು ತೊಟ್ಟ ಬೊಂಬೆಗಳು ಕುಳಿತಿವೆ, ನೋಡಿದವರ ಎದೆ ಝಲ್ಲೆನ್ನಬೇಕು. ಅದು ಇಂದಿಗೂ ಅಲ್ಲಿನ ಐತಿಹಾಸಿಕ ಸ್ಮೃತಿ ಕೇಂದ್ರದಲ್ಲಿದೆ, ಈಗ ಫ್ರಾಂಕೋನ ಪ್ರಚಾರದ ಮಾದರಿಯಾಗಿ. ಫ್ರಾಂಕೋ ಸ್ವತಃ ಯಾಕಿಮ್ ಬೋರ್ ಎಂಬ ಗುಪ್ತನಾಮದಲ್ಲಿ ಪಕ್ಷದ ಪತ್ರಿಕೆಗೆ ಫ್ರೀಮೇಸನ್ನರನ್ನು ಜರೆದು ಲೇಖನಮಾಲೆ ಬರೆಯುತ್ತಿದ್ದ. ಗುಪ್ತಸಂಘವನ್ನು ಬೈಯಲು ಗುಪ್ತನಾಮ ಬೇಕಾಯಿತು. 1975ರ ಅಕ್ಟೋಬರ್ 1ರಂದು, ಸಾಯುವ ಕೆಲವು ವಾರಗಳ ಮುಂಚೆ ಮಾಡಿದ ಕೊನೆಯ ಸಾರ್ವಜನಿಕ ಭಾಷಣದಲ್ಲಿಯೂ ಅವನು ಫ್ರೀಮೇಸನ್ನರ ಸಂಚಿನ ಮಾತೆತ್ತಿದ. ಸ್ಪೇನಿನಲ್ಲಿ ಆಗ ಒಂದು ಲಾಡ್ಜೂ ಬಹಿರಂಗವಾಗಿ ಉಳಿದಿರಲಿಲ್ಲ. ಕಣ್ಣಿಗೆ ಕಾಣದ ಶತ್ರುವಿನ ಅನುಕೂಲ ಇದೇ: ಅವನು ಎಂದೂ ಮುಗಿಯುವುದಿಲ್ಲ.

ಪೋರ್ಚುಗಲ್‌ನಲ್ಲಿ ಸಲಾಜಾರ್ ಸರ್ಕಾರ 1935ರ ಮೇ ತಿಂಗಳಲ್ಲಿ ಗುಪ್ತಸಂಘಗಳ ವಿರುದ್ಧ ಕಾಯ್ದೆ ತಂದು, ಪ್ರತಿಯೊಬ್ಬ ಸರ್ಕಾರಿ ನೌಕರನೂ ತಾನು ಅಂಥದರಲ್ಲಿ ಇಲ್ಲ, ಮುಂದೆಯೂ ಸೇರುವುದಿಲ್ಲ ಎಂದು ಬರೆದುಕೊಡುವಂತೆ ಮಾಡಿತು. ಮಸೂದೆ ಚರ್ಚೆಯಲ್ಲಿದ್ದಾಗ, ಫೆಬ್ರವರಿ 4ರ ಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದವರು ಕವಿ ಫೆರ್ನಾಂಡೋ ಪೆಸ್ಸೋವಾ. ತಾನು ಫ್ರೀಮೇಸನ್ ಅಲ್ಲವೆಂದು ಅವರು ಸ್ಪಷ್ಟಪಡಿಸಿದ್ದರು. ಹೊರಗಿನವನೊಬ್ಬ ಹೀಗೆ ಬಾಯಿ ತೆರೆದದ್ದು ಈ ಇಡೀ ಚರಿತ್ರೆಯಲ್ಲಿ ವಿರಳ. ಜರ್ಮನಿಗೆ ಸೋತ ಮೇಲೆ ಅದಕ್ಕೆ ಮಣಿದು ಆಳಿದ ವಿಶಿ ಸರ್ಕಾರದ ಫ್ರಾನ್ಸ್ 1940ರ ಆಗಸ್ಟ್ 13ರ ಕಾಯ್ದೆಯಲ್ಲಿ ಇದೇ ಮುಚ್ಚಳಿಕೆಯನ್ನು ಕೇಳಿತು. ಒಂದು ವರ್ಷದ ತರುವಾಯ ಇನ್ನೊಂದು ಹೆಜ್ಜೆ ಇಟ್ಟಿತು: ಸರ್ಕಾರಿ ರಾಜಪತ್ರದಲ್ಲಿ ಲಾಡ್ಜ್‌ಗಳ ಪದಾಧಿಕಾರಿಗಳ ಹೆಸರುಗಳನ್ನು ಕಂತು ಕಂತಾಗಿ ಪ್ರಕಟಿಸಿತು, ಒಟ್ಟು ಸುಮಾರು 14,000 ಹೆಸರು. ಸಣ್ಣ ಅಕ್ಷರದ ಕಾಲಂಗಳಲ್ಲಿ ಹೆಸರು, ಕೆಲಸ, ಊರು, ಲಾಡ್ಜಿನಲ್ಲಿದ್ದ ಸ್ಥಾನ. ಅಂಚೆ ಗುಮಾಸ್ತ, ಶಾಲಾ ಮುಖ್ಯೋಪಾಧ್ಯಾಯ, ಪುರಸಭೆಯ ಸದಸ್ಯ. ಊರಿನ ಜನ ಪತ್ರಿಕೆ ಬಿಡಿಸಿ ತಮ್ಮ ಮಗನ ಮೇಷ್ಟರ ಹೆಸರು ಹುಡುಕಿದರು. ಕೆಲಸ ಹೋಗುವುದು ಒಂದು ಶಿಕ್ಷೆ. ನೆರೆಯವನ ಕಣ್ಣಿನಲ್ಲಿ ಬೇರೆಯವನಾಗುವುದು ಇನ್ನೊಂದು. ನಂಟು ಮುರಿಯುವ ಕೆಲಸಕ್ಕೆ ಎರಡನೆಯದೇ ಹೆಚ್ಚು ಒದಗುತ್ತದೆ.

ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ವಿಷಯ ಅರ್ಧವಾಗುತ್ತದೆ. ಸರ್ವಂಕಷ ಪಕ್ಷಗಳೇ ಹಗಲು ಬೆಳಕಿನಲ್ಲಿ ಸ್ಥಾಪಿಸಿದ ಗುಪ್ತಸಂಘಗಳಂತಿವೆ ಎಂಬ ವಿಚಾರವನ್ನು ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1951ರಲ್ಲಿ ಬೆಳೆಸಿದರು. ಎಸ್‌ಎಸ್‌ಗೆ ತನ್ನದೇ ಪ್ರಮಾಣವಚನವಿತ್ತು, ತಲೆಬುರುಡೆಯ ಉಂಗುರವಿತ್ತು, ವೆವೆಲ್ಸ್‌ಬುರ್ಗ್ ಎಂಬ ಕೋಟೆಯಲ್ಲಿ ವಿಧಿಗೆಂದೇ ಕಟ್ಟಿದ ದುಂಡು ಸಭಾಂಗಣವಿತ್ತು. ಹೊರವಲಯದವನಿಗೆ ಒಂದು ಸತ್ಯ, ಒಳವಲಯದವನಿಗೆ ಇನ್ನೊಂದು ಸತ್ಯ ಎಂಬ ಪದ್ಧತಿ ಪಕ್ಷದೊಳಗೇ ನಡೆಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾಡು ಇಲ್ಲಿದೆ. ಫ್ರೀಮೇಸನ್ನರ ಮೇಲೆ ಅವರು ಹೊರಿಸಿದ ಪ್ರತಿಯೊಂದು ಆರೋಪವೂ, ಅಂದರೆ ಕುರುಡು ನಿಷ್ಠೆ, ಒಳಗಿನ ಕಾನೂನು, ದೇಶದ ಮೇಲೆ ಅಡಗಿ ಆಳುವ ಹಂಚಿಕೆ, ಅವರದೇ ಸಂಘಟನೆಯ ನಿಖರವಾದ ವಿವರಣೆ.

ಫ್ರೀಮೇಸನ್ನರನ್ನು ಹುತಾತ್ಮರ ಸಾಲಿನಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಹೆಂಗಸರನ್ನು ಬಹುತೇಕ ಹೊರಗಿಟ್ಟ, ಬಹುಪಾಲು ಉಳ್ಳವರ, ಪರಸ್ಪರ ಬಡ್ತಿಗೆ ನೆರವಾಗುವ ಕೂಟವೆಂಬ ಟೀಕೆಯಲ್ಲಿ ಹುರುಳಿದೆ. ಪ್ರಷ್ಯನ್ ಲಾಡ್ಜ್‌ಗಳ ನಡತೆಯನ್ನು ಈಗಾಗಲೇ ಹೇಳಿದೆ. ಆದರೆ 1943ರ ನವೆಂಬರ್‌ನಲ್ಲಿ, ವಾಯವ್ಯ ಜರ್ಮನಿಯ ಎಸ್ಟರ್‌ವೇಗನ್ ಶಿಬಿರದ 6ನೆಯ ಬ್ಯಾರಕ್ಕಿನಲ್ಲಿ ಬೆಲ್ಜಿಯಂನ ಪ್ರತಿರೋಧ ಹೋರಾಟಗಾರರಾದ ಕೆಲವು ಕೈದಿಗಳು ಸೇರಿ ಒಂದು ಲಾಡ್ಜನ್ನು ಕಟ್ಟಿದರು. ಪ್ರಿಯ ಸ್ವಾತಂತ್ರ್ಯ ಎಂಬರ್ಥದ ಫ್ರೆಂಚ್ ಹೆಸರಿಟ್ಟರು. ಹಗಲಿನಲ್ಲಿ ತೋಟಾ ವಿಂಗಡಿಸುತ್ತಿದ್ದ ಮೇಜೇ ಅವರ ಸಭೆಯ ಮೇಜಾಯಿತು. ಅವರು ಸೇರಿದಾಗ ಬಾಗಿಲಲ್ಲಿ ಕಾವಲು ನಿಂತವರು ಸಹಕೈದಿಯಾಗಿದ್ದ ಒಬ್ಬ ಕ್ಯಾಥೊಲಿಕ್ ಪಾದ್ರಿ. ಪೋಪ್ 1738ರಲ್ಲಿ ಕೂಡದೆಂದ ಕೂಟಕ್ಕೆ ಪಾದ್ರಿಯ ಕಾವಲು. ಅವರಲ್ಲಿ ಹೆಚ್ಚಿನವರು ಶಿಬಿರಗಳಲ್ಲಿಯೇ ಸತ್ತರು.

ಸಭೆಯಲ್ಲಿ ಅಧ್ಯಾಪಕರೊಬ್ಬರು ಕೇಳಿದರು: ಪ್ರಜಾಪ್ರಭುತ್ವಕ್ಕೂ ಗುಪ್ತಸಂಘಗಳಿಂದ ಅಪಾಯವಿಲ್ಲವೆ, ಅದು ಪಟ್ಟಿ ಕೇಳಿದರೆ ತಪ್ಪೇನು? ಅಪಾಯವಿದೆ. ಯುದ್ಧಾನಂತರದ ಇಟಲಿಯ ಸಂವಿಧಾನದ 18ನೆಯ ವಿಧಿ ಸಂಘ ಕಟ್ಟುವ ಹಕ್ಕನ್ನು ಕೊಡುತ್ತಲೇ ಗುಪ್ತಸಂಘಗಳನ್ನು ನಿಷೇಧಿಸುತ್ತದೆ. 1981ರ ಮಾರ್ಚ್‌ನಲ್ಲಿ ಅಲ್ಲಿನ ತನಿಖಾ ನ್ಯಾಯಾಧೀಶರು ಲೀಚೋ ಜೆಲ್ಲಿ ಎಂಬುವನ ಸ್ಥಳದಲ್ಲಿ ಶೋಧ ನಡೆಸಿದಾಗ ಪಿ-2 ಎಂಬ ಲಾಡ್ಜಿನ 962 ಹೆಸರುಗಳು ಸಿಕ್ಕವು. ಮಂತ್ರಿಗಳು, ಸೇನಾಪತಿಗಳು, ಬೇಹುಗಾರಿಕೆಯ ಮುಖ್ಯಸ್ಥರು, ಪತ್ರಿಕಾ ಒಡೆಯರು. ಸರ್ಕಾರವೇ ಬಿದ್ದಿತು. ಸಂಸತ್ತು ತನಿಖಾ ಸಮಿತಿ ರಚಿಸಿತು, 1982ರಲ್ಲಿ ಕಾಯ್ದೆ ಮಾಡಿ ಆ ಒಂದು ಲಾಡ್ಜನ್ನು ವಿಸರ್ಜಿಸಿತು. ಉಳಿದ ಫ್ರೀಮೇಸನ್ನರು ತಮ್ಮ ಪಾಡಿಗೆ ಉಳಿದರು. ಹೆಸರಿದ್ದವರು ನ್ಯಾಯಾಲಯಕ್ಕೆ ಹೋಗಬಹುದಿತ್ತು, ಹೋದರು, ಕೆಲವರು ಗೆದ್ದರು. ಆ ಪಟ್ಟಿ ಅಧಿಕಾರದಲ್ಲಿದ್ದವರ ಕುರ್ಚಿಯನ್ನು ಅಲುಗಾಡಿಸಿತು. ವಿಶಿಯ ಪಟ್ಟಿ ಅಂಚೆ ಗುಮಾಸ್ತನ ಅನ್ನ ಕಿತ್ತಿತು. ನಮ್ಮ ಸಂವಿಧಾನದ 19ನೆಯ ವಿಧಿಯೂ ಸಂಘದ ಹಕ್ಕನ್ನು ಕೊಟ್ಟು ನ್ಯಾಯಸಮ್ಮತ ನಿರ್ಬಂಧಕ್ಕೆ ಅವಕಾಶವಿಟ್ಟಿದೆ. ಆ ಅವಕಾಶ ಎಷ್ಟು ಹಿಗ್ಗಬಲ್ಲದು ಎಂಬುದನ್ನು 1975ರ ಜುಲೈ 4ರಂದು ತುರ್ತು ಪರಿಸ್ಥಿತಿಯ ಸರ್ಕಾರ 26 ಸಂಘಟನೆಗಳನ್ನು ಒಟ್ಟಿಗೆ ನಿಷೇಧಿಸಿದಾಗ ನೋಡಿದ್ದೇವೆ; ಒಬ್ಬರ ಮುಖ ಒಬ್ಬರು ನೋಡದ ಬಲಪಂಥ, ಎಡಪಂಥ, ಹಿಂದೂ, ಮುಸ್ಲಿಂ ಸಂಘಟನೆಗಳು ಆ ಆದೇಶದಲ್ಲಿ ಅಕ್ಕಪಕ್ಕ ಕುಳಿತಿದ್ದವು.

ಎರಡನೆಯ ಪ್ರಶ್ನೆ ವಿದ್ಯಾರ್ಥಿನಿಯೊಬ್ಬರದು, ಮತ್ತು ಅದು ನನ್ನ ವಾದಕ್ಕೆ ಹೆಚ್ಚು ಕಠಿಣವಾದದ್ದು. ಕ್ಯೂಬಾದಲ್ಲಿ ಏಕಪಕ್ಷದ ಆಳ್ವಿಕೆಯಿದ್ದೂ ಫ್ರೀಮೇಸನ್ರಿಗೆ ನಿಷೇಧ ಬರಲಿಲ್ಲವಲ್ಲ, ಅದೇಕೆ? ಒಂದು ಕಾರಣ ಚರಿತ್ರೆಯದು: ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಹೊಸೆ ಮಾರ್ತಿ ಸ್ವತಃ ಫ್ರೀಮೇಸನ್, ಲಾಡ್ಜ್‌ಗಳನ್ನು ದೇಶದ್ರೋಹಿಗಳೆನ್ನುವುದು ಕ್ರಾಂತಿಗೆ ಸುಲಭವಾಗಿರಲಿಲ್ಲ. ಚೀನಾದಲ್ಲಿಯೂ ಸುನ್ ಯಾತ್-ಸೆನ್ 1904ರಲ್ಲಿ ಹೊನೊಲುಲುವಿನಲ್ಲಿ ಹೊಂಗ್‌ಮೆನ್ ಗುಪ್ತಸಂಘಕ್ಕೆ ಸೇರಿದ್ದರು, ಅದರ ವಿದೇಶಿ ಶಾಖೆಯಿಂದ ಬೆಳೆದ ಝಿ ಗೊಂಗ್ ಪಕ್ಷ ಇಂದು ಕಮ್ಯುನಿಸ್ಟ್ ಪಕ್ಷದ ನೆರಳಿನಲ್ಲಿರುವ ಎಂಟು ಅಧಿಕೃತ ಪಕ್ಷಗಳಲ್ಲಿ ಒಂದು; ನೆರಳಿಗೆ ಬರದ ಯಿಗುವಾನ್‌ದಾವೋದಂಥ ಪಂಥಗಳನ್ನು 1950ರ ದಶಕದ ಆರಂಭದಲ್ಲಿ ಬೇರುಸಹಿತ ಕೀಳುವ ಅಭಿಯಾನ ನಡೆಯಿತು. ಇನ್ನೊಂದು ಕಾರಣ ಆಡಳಿತದ್ದು. ಕ್ಯೂಬಾದ ಲಾಡ್ಜ್‌ಗಳು ನ್ಯಾಯ ಸಚಿವಾಲಯದ ಸಂಘಗಳ ನೋಂದಣಿಯಡಿ ಬರುತ್ತವೆ, ಅವುಗಳ ಲೆಕ್ಕಪತ್ರ ಸಚಿವಾಲಯದ ಕಣ್ಣಿನಲ್ಲಿರುತ್ತದೆ. ಅದಕ್ಕೂ ಮಿಗಿಲಾಗಿ, 2011ರಲ್ಲಿ ಅಲ್ಲಿನ ಸರ್ಕಾರಿ ದೂರದರ್ಶನವೇ ಒಂದು ಸಂಗತಿಯನ್ನು ಹೆಮ್ಮೆಯಿಂದ ಪ್ರಸಾರ ಮಾಡಿತು: ಹಿಂದೆ ಕ್ಯೂಬಾದ ಫ್ರೀಮೇಸನ್ನರ ಗ್ರ್ಯಾಂಡ್ ಮಾಸ್ಟರ್ ಆಗಿದ್ದ ವೈದ್ಯರೊಬ್ಬರು 1970ರ ದಶಕದಿಂದಲೂ ರಾಜ್ಯ ಭದ್ರತಾ ಇಲಾಖೆಯ ಏಜೆಂಟ್ ಆಗಿದ್ದರು. ಅಲ್ಲಿ ಪಟ್ಟಿಯನ್ನು ಕೇಳಬೇಕಾದ ಅಗತ್ಯವೇ ಬಿದ್ದಿರಲಿಲ್ಲ.